ಸ್ಕ್ಯಾನಿನಲ್ಲಿ ತಲೆ ವಾಲಿಸಿದ ದೊಡ್ಡಪ್ಪ

ಹಿರಿಯೂರಿನಲ್ಲಿ ಯಾರೊಡನೆ ಬೇಕಾದರೂ ವಾದಕ್ಕಿಳಿದೇನು, ನಮ್ಮ ದೊಡ್ಡಪ್ಪನೊಬ್ಬರನ್ನು ಬಿಟ್ಟು! ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಗೆದ್ದವಳು ನಾನು. ಅವರೆದುರು ಸೋತು ಸೋತು ಸಾಕಾಗಿದೆ.

ತೆಂಗಿನಕಾಯಿ ವ್ಯಾಪಾರದಲ್ಲೇ ತಲೆ ನರೆಸಿಕೊಂಡವರು. ಕಾಯನ್ನು ಕಿವಿಯ ಬಳಿ ಅಲ್ಲಾಡಿಸಿ, ತಲೆ ವಾಲಿಸಿ, ಒಳಗಿನ ನೀರಿನ ಸದ್ದು ಕೇಳಿ ತೀರ್ಪು ಕೊಡುತ್ತಾರೆ. ಈಗ ಆ ಕತ್ತು ಯಾವ ಸದ್ದಿಗಾದರೂ ತಾನಾಗಿ ವಾಲುತ್ತದೆ. ಮಠದಲ್ಲಿ ಒಂದು ಗಂಟೆ ಪ್ರವಚನ ಕೇಳಿ, "ಇನ್ನೂ ಬಲಿತಿಲ್ಲ" ಎಂದವರು!

ಈ ವರ್ಷ ಥೈರಾಯ್ಡಿನಿಂದ ಅವರ ಬಲಗಣ್ಣು ಮುಂದಕ್ಕೆ ಉಬ್ಬಿತು. ಹೀಗೇ ಬಿಟ್ಟರೆ ಒಳಗಿನ ನರ ಒತ್ತಿ ದೃಷ್ಟಿಯೇ ಹೋದೀತು ಎಂದರು ಚಿತ್ರದುರ್ಗದ ಡಾಕ್ಟರು. ಸ್ಕ್ಯಾನ್ ಮಾಡಿಸಬೇಕು, ಕಣ್ಣುಗೂಡಿನ ಈ ಕಡೆಯ ಎಲುಬಿನಿಂದ ಆ ಕಡೆಯ ಎಲುಬಿಗೆ ಕಂಪ್ಯೂಟರೇ ಗೆರೆ ಎಳೆದು, ಕಣ್ಣು ಎಷ್ಟು ಮಿಲಿಮೀಟರ್ ಮುಂದಿದೆ ಎಂದು ಅಳೆದು ಹೇಳುತ್ತದಂತೆ.

"ಅಳೆಯಾಕೆ ಅದ್ಕೇನು ಕಣ್ಣೈತಾ?" ಎಂದರು ದೊಡ್ಡಪ್ಪ.

"ನಿಮ್ ತಕ್ಕಡಿಗೆ ಐತಾ?"

"ತಕ್ಕಡಿ ಹಿಡಿಯೋನಿಗೆ ಐತಲ್ಲೇ!"

ವಾರವಿಡೀ ಇದೇ ಜಗ್ಗಾಟ. ಕೊನೆಗೆ, "ಮಿಷಿನ್ಗೆ ನಿಮ್ಮಂಗೆ ಹಟ ಇಲ್ಲ, ಅದ್ಕೇ ತಪ್ಪೂ ಮಾಡಲ್ಲ" ಎಂದೆ. ಹೇಗೋ ಬಂದರು.

ವರದಿಯಲ್ಲಿ ಎರಡೂ ಕಣ್ಣು ಹೆಚ್ಚುಕಡಿಮೆ ಸಮ! ನಾನು ಹಿಗ್ಗಿದೆ. ಡಾಕ್ಟರು ಮಾತ್ರ ಚಿತ್ರವನ್ನೊಮ್ಮೆ, ದೊಡ್ಡಪ್ಪನ ಮುಖವನ್ನೊಮ್ಮೆ ನೋಡಿದರು.

"ಯಜಮಾನ್ರೇ, ಒಳಗೆ ತಲೆ ಯಾಕ್ ವಾಲಿಸಿದ್ರಿ?"

"ಮಿಷಿನ್ ಗುಂಯ್ ಅಂತಿತ್ತು ಡಾಕ್ಟ್ರೇ. ಬಲಿತೈತೋ ಇಲ್ವೋ ಅಂತ ಕೇಳ್ದೆ."

ತಲೆ ವಾಲಿದ್ದರಿಂದ ಗೆರೆಗೆ ಒಂದು ಕಡೆ ಎಲುಬು ಸಿಕ್ಕಿದೆ, ಇನ್ನೊಂದು ಕಡೆ ತಪ್ಪಿದೆ. ಕಂಪ್ಯೂಟರ್ ಪಾಪ, ಸೊಟ್ಟ ಗೆರೆಯನ್ನೇ ನಂಬಿ ಅಳೆದಿತ್ತು. ಅದನ್ನು ನಂಬಿದವಳು ನಾನು! ಮತ್ತೆ ಸ್ಕ್ಯಾನ್ ಆಗಬೇಕೆಂದರು ಡಾಕ್ಟರು.

ಗೆದ್ದವರು ಇನ್ನೊಮ್ಮೆ ಒಪ್ಪುವುದುಂಟೆ? ಹೊಸ ವಾದ ಕಟ್ಟುವ ತ್ರಾಣವೂ ನನಗಿರಲಿಲ್ಲ. ಅಷ್ಟರಲ್ಲಿ, "ನಡಿ, ಹೋಗಾಣ" ಎಂದು ಅವರೇ ಎದ್ದರು.

"ಇಷ್ಟ್ ಸಲೀಸಾ? ಯಾಕ್ ದೊಡ್ಡಪ್ಪ?"

ಬಾಗಿಲು ಹಿಡಿಯಲು ಹೋದ ಅವರ ಕೈ ಒಮ್ಮೆ ಗಾಳಿಯನ್ನು ಹಿಡಿಯಿತು. ಆಮೇಲೆ ಬಾಗಿಲು ಸಿಕ್ಕಿತು.

"ತಿಂಗ್ಳಿಂದ ಎಲ್ಲಾ ಎರಡೆರಡು ಕಾಣ್ತೈತೆ ಮಗಾ. ನೀನೂ ಇಬ್ರು. ಯಾರ್ ಮುಖ ನೋಡ್ಕಂಡು ವಾದ ಮಾಡ್ಬೇಕೋ ಗೊತ್ತಾಗಲ್ಲ."

ಒಂದು ತಿಂಗಳು! ಅದರಲ್ಲಿ ವಾರವಿಡೀ ನಾನು ಎದುರಿಗೇ ಕುಳಿತು ವಾದಿಸಿದ್ದೆ. ಮುಖ ತಿರುಗಿಸಿ ಕಣ್ಣೊರೆಸಿಕೊಂಡೆ.

ದೊಡ್ಡಪ್ಪ ನನ್ನತ್ತ ಕಣ್ಣು ಕಿರಿದು ಮಾಡಿ ನೋಡಿದರು.

"ಅಳ್ಬ್ಯಾಡ್ರೇ," ಎಂದರು, "ಇಬ್ರೂನೂ."