ಅಕ್ಕಿಕಾಳು ಬಿದ್ದ ನವಿಲು

ಹಳಿಯಾಳದ ಮುದಕಪ್ಪನ ಕಲ್ಯಾಣ ಮಂಟಪದಲ್ಲಿ ಆ ಫೈಬರ್ ನವಿಲು ಒಂದು ಇರದಿದ್ದರೆ ಫೋಟೋಗ್ರಾಫರ್ ಶಿವಲಿಂಗ ನೆಮ್ಮದಿಯಾಗಿ ಉಣ್ಣುತ್ತಿದ್ದ. ಮದುಮಕ್ಕಳ ಕುರ್ಚಿಯ ಪಕ್ಕದಲ್ಲೇ ಗರಿ ಬಿಚ್ಚಿ ನಿಂತಿದ್ದ ಅದು, ಊರಿನ ಯಾವ ಮದುವೆಯ ಆಲ್ಬಂ ತೆರೆದರೂ ಕರೆಯದೆ ಬಂದ ಬೀಗನಂತೆ ಇಣುಕುತ್ತಿತ್ತು.

ಮದುಮಗಳು ಸಹನಾ ಬೆಳಿಗ್ಗೆಯೇ ತಾಕೀತು ಮಾಡಿದ್ದಳು. “ಅಣ್ಣಾರ, ನಮ್ಮ ಅಕ್ಕಗೋಳ ಆಲ್ಬಂ ಎಲ್ಲಾ ನೋಡೇನಿ. ಮಾರಿ ಅಷ್ಟ ಬ್ಯಾರೆ, ಉಳಿದದ್ದೆಲ್ಲಾ ಒಂದ. ನನ್ನ ಆಲ್ಬಂದಾಗ ಆ ನವಿಲಿನ ಒಂದ ಗರಿ ಕಂಡ್ರೂ ನಮ್ಮ ತಮ್ಮನ ಮದಿವಿಗೆ ಹುಬ್ಬಳ್ಳಿ ಫೋಟೋದವ್ರನ್ನ ಕರಸ್ತೇನಿ.”

ಶಿವಲಿಂಗನಿಗೆ ಉರಿದುಹೋಯಿತು. ಅದೇ ಮಂಟಪ, ಅದೇ ಗುಲಾಬಿ ಬಣ್ಣದ ಕಂಬ. ಹೊಸತನ್ನು ಎಲ್ಲಿಂದ ತರಬೇಕು? ಗಣೇಶಗುಡಿಯ ಹೊಳೆಗೆ ಹೋಗೋಣವೆಂದರೆ, ತಾಳಿ ಕಟ್ಟುವ ಮೊದಲೇ ಜೋಡಿಯಾಗಿ ತಿರುಗುವುದೇ ಎಂದು ಮನೆಯವರೇ ತಡೆದಿದ್ದರು. ಆದರೂ ಹುಡುಗಿ ಹೇಳಿದ್ದು ಸುಳ್ಳಲ್ಲ, ಅದೇ ಅವನನ್ನು ಚುಚ್ಚಿತು.

ನವಿಲಿಗೆ ಬಟ್ಟೆ ಹೊದಿಸಿದ. ಮುದಕಪ್ಪ ಓಡಿಬಂದು ಕಿತ್ತೆಸೆದ. “ಏನ್ರೀ, ಹೆಣಾ ಮುಚ್ಚಿದಂಗ ಮುಚ್ಚೀರಿ? ಕೊಲ್ಹಾಪುರದಿಂದ ತರಿಸಿದ್ದ ಐತಿ ಅದು.”

ಏಣಿ ಹತ್ತಿ ಮೇಲಿನಿಂದ ಫೋಟೋ ತೆಗೆಯಲು ಹೋದ. ಹುಡುಗಿಯ ಸೋದರತ್ತೆ ನೀಲಕ್ಕ ಕೆಳಗೆ ಬಂದು ನಿಂತಳು. “ಇಳೀರಿ ಕೆಳಗ. ಗಂಡಸರ ಬೋಳತಲಿ ಎಲ್ಲಾ ಆಲ್ಬಂದಾಗ ಹಾಕವ್ರೇನು?”

ಕೊನೆಗೆ ಅಡುಗೆಮನೆಯ ಹಿತ್ತಲು ಕಣ್ಣಿಗೆ ಬಿತ್ತು. ದೊಡ್ಡ ಹಂಡೆಯಿಂದ ಅನ್ನದ ಹಬೆ ಏಳುತ್ತಿತ್ತು, ಹಬೆಯೊಳಗೆ ಬಿಸಿಲು ಇಳಿದಿತ್ತು. “ಐದ ನಿಮಿಷ ಬರ್ರಿ” ಎಂದು ಮದುಮಕ್ಕಳನ್ನು ಹಿಂಬಾಗಿಲಿನಿಂದ ಮೆಲ್ಲಗೆ ಕರೆದೊಯ್ದ. ಕ್ಲಿಕ್ಕಿಸಿ ತೋರಿಸಿದಾಗ ಸಹನಾಳ ಮುಖ ಅರಳಿತು. “ಇದು ನೋಡ್ರಿ ಫೋಟೋ ಅಂದ್ರ” ಎಂದಳು. ಎಷ್ಟೋ ವರ್ಷಗಳ ಮೇಲೆ ಶಿವಲಿಂಗನಿಗೆ ತನ್ನ ಕಸುಬು ಇಷ್ಟವಾಯಿತು.

ಅತ್ತ ಒಳಗೆ ಮದುವೆ ಮಾಡಿಸಲು ಬಂದಿದ್ದ ಪುರೋಹಿತ ಅಡಿವೆಯ್ಯನವರು ಕಣ್ಣು ಮುಚ್ಚಿಕೊಂಡು ಮೈಕಿನಲ್ಲಿ ಮಂಗಲಾಷ್ಟಕ ಶುರು ಮಾಡಿಬಿಟ್ಟಿದ್ದರು. ಮುಂದಿನವರು ಎದ್ದು ನಿಂತಿದ್ದರಿಂದ ಹಿಂದಿನವರಿಗೆ ವೇದಿಕೆ ಕಾಣುತ್ತಿರಲಿಲ್ಲ. ಮುಂದಿನವರು ಪಕ್ಕದವರೊಡನೆ ಮಾತಿಗೆ ಬಿದ್ದಿದ್ದರು. ಮಂತ್ರ ಮುಗಿದದ್ದೇ ರೂಢಿಯಂತೆ ಎಲ್ಲರೂ ಅಕ್ಷತೆಯ ಅಕ್ಕಿಕಾಳು ಒಗೆದರು. ಅಷ್ಟೂ ಬಿದ್ದದ್ದು ಖಾಲಿ ಕುರ್ಚಿಗಳ ಮೇಲೆ ಮತ್ತು ನವಿಲಿನ ಮೇಲೆ.

ನೀಲಕ್ಕ ಹಿತ್ತಲಿಗೆ ನುಗ್ಗಿದಳು. “ಒಳಗ ಬರ್ರಿ ಮದಲ. ನಿಮ್ಮ ಆಶೀರ್ವಾದ ಎಲ್ಲಾ ಆ ನವಿಲು ತಗೊಂಡ ನಿಂತೈತಿ.”

ಹಿರಿಯರೆಲ್ಲ ಕೂಡಿ ತಲೆ ಕೆಡಿಸಿಕೊಂಡರು. ಅಡಿವೆಯ್ಯನವರು ತೀರ್ಪು ಕೊಟ್ಟರು. “ಬಿದ್ದ ಅಕ್ಕಿಕಾಳು ತಿರುಗಿ ತಗೊಳ್ಳಾಕ ಬರೂದಿಲ್ಲ. ನವಿಲನ್ನ ನಡುವ ಇಡ್ರಿ, ಇನ್ನೊಮ್ಮೆ ಹಾಕೂಣು. ಸಂಜಿತನಕ ಅದನ್ನ ಇವರ ಜೋಡಿ ಬಿಡಸಬ್ಯಾಡ್ರಿ.”

ಮುದಕಪ್ಪ ಖುಷಿಯಿಂದ ನವಿಲಿಗೊಂದು ಹಾರ ಹಾಕಿದ. ತಾಳಿ ಕಟ್ಟುವಾಗ ನವಿಲು, ಊಟಕ್ಕೆ ಕೂತಾಗ ನವಿಲು. ಶಿವಲಿಂಗ ಹಲ್ಲು ಕಚ್ಚಿಕೊಂಡು ಕ್ಲಿಕ್ಕಿಸಿದ. ಹೇಗೂ ಹಿತ್ತಲಿನ ಆ ಒಂದು ಫೋಟೋ ಇದೆಯಲ್ಲ ಎಂದು ಸಮಾಧಾನ ಮಾಡಿಕೊಂಡ.

“ಹಿತ್ತಲದಾಗ ತೆಗದದ್ದನ್ನ ಅಳಸ್ರಿ,” ಎಂದಳು ನೀಲಕ್ಕ, “ಅಪಶಕುನ ಅದು. ನವಿಲು ಇಟ್ಟು ಮತ್ತೊಮ್ಮೆ ತೆಗೀರಿ.” ತಾನೇ ಮುಂದೆ ನಿಂತು ಅಳಿಸಿಹಾಕಿಸಿದಳು.

ಇಬ್ಬರು ನವಿಲನ್ನು ಹೊತ್ತು ತಂದು ಹಂಡೆಯ ಮುಂದೆ ನಿಲ್ಲಿಸಿದರು. ಶಿವಲಿಂಗ ಕ್ಯಾಮೆರಾಕ್ಕೆ ಕಣ್ಣಿಟ್ಟ. ಅಕ್ಕಂದಿರ ಆಲ್ಬಂಗಳಲ್ಲಿ ಅದು ಬದಿಗಿತ್ತು. ಇಲ್ಲಿ ಗಂಡಹೆಂಡಿರ ನಡುವೆಯೇ ಗರಿ ಹರಡಿ ನಿಂತಿತ್ತು.

“ಅಣ್ಣಾರ,” ಗರಿಗಳ ಹಿಂದಿನಿಂದ ಸಹನಾ ಕೇಳಿದಳು, “ನನ್ನ ಮಾರಿಯಾದ್ರೂ ಕಾಣಸ್ತೈತೇನ್ರಿ?”