ಟಿ.ವಿ.ಯೊಳಗಿನ ಗೇಣಿ ಜಮೀನು

ಓದದೆ ಸಹಿ ಹಾಕುವವರಿಂದಲೇ ನನ್ನ ಹೊಟ್ಟೆಪಾಡು ನಡೆಯುತ್ತಿದೆ ಎಂದರೆ ತಪ್ಪಾಗಲಾರದು. ಸಾಗರದ ತಾಲ್ಲೂಕು ಕಚೇರಿಯ ಹತ್ತಿರ ಒಂದು ಕೋಣೆ, ಒಂದು ಮೇಜು, ಒಂದು ಕಂಪ್ಯೂಟರ್, ಹೆಬ್ಬೆಟ್ಟಿನವರಿಗಾಗಿ ಒಂದು ಶಾಯಿ ಪ್ಯಾಡು, ಇಷ್ಟನ್ನು ಇಟ್ಟುಕೊಂಡು ಇಪ್ಪತ್ತೆಂಟು ವರ್ಷಗಳಿಂದ ನಾನು ಪತ್ರ ಬರಹಗಾರ. ಕ್ರಯಪತ್ರ, ದಾನಪತ್ರ, ವಿಭಾಗಪತ್ರ, ಬಾಡಿಗೆ ಕರಾರು, ಯಾವುದನ್ನು ಬರೆದು ಮುಂದಿಟ್ಟರೂ ಜನ ಕೇಳುವುದು ಒಂದೇ ಪ್ರಶ್ನೆ: ಎಲ್ಲಿ ಸಹಿ ಹಾಕಬೇಕು? ನಾನು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, "ಮೊದಲು ಓದಿ. ಒಂದಕ್ಷರ ಬಿಡದೆ ಓದಿ. ಓದದೆ ಸಹಿ ಹಾಕಿ ಉದ್ಧಾರವಾದವರನ್ನು ನಾನಂತೂ ನೋಡಿಲ್ಲ" ಎನ್ನುತ್ತೇನೆ. ಈ ಉಪದೇಶಕ್ಕೆ ಪ್ರತ್ಯೇಕ ಶುಲ್ಕವಿಲ್ಲ. ಹಿನ್ನೀರಿನಾಚೆಯ ತುಮರಿಗೆ ಇನ್ನೂ ಲಾಂಚಿನಲ್ಲೇ ಹೋಗಬೇಕಾಗಿದ್ದ ಕಾಲದಲ್ಲಿ ಆ ಕಡೆಯವರೊಬ್ಬರು ನನ್ನ ಮಾತು ಕೇಳಿ ಹೆದರಿ, ಲಾಂಚಿಗೆ ಹೊತ್ತಾಯಿತೆಂದು ಸಹಿಯನ್ನೇ ಹಾಕದೆ ಎದ್ದು ಹೋದರು. ಈಗ ಸೇತುವೆಯೇ ಬಂದಿದೆ, ಅವರು ಬಂದಿಲ್ಲ. ಅವರ ಕ್ರಯಪತ್ರ ನನ್ನ ಡ್ರಾಯರಿನಲ್ಲಿದೆ.

ಇಷ್ಟು ಹೇಳಿದ ಮೇಲೆ ತಪ್ಪೊಪ್ಪಿಗೆಗೆ ಬರಬಹುದು. ನನಗೆ ಐವತ್ತೈದು ವರ್ಷ, ಮತ್ತು ನಾನು ವಿಡಿಯೋ ಗೇಮ್ ಆಡುತ್ತೇನೆ. ಹೊಸನಗರದ ರಸ್ತೆಯ ಖಾಸಗಿ ಬಸ್ಸಿನಲ್ಲಿ ದಿನವೂ ಕಂಬಿ ಹಿಡಿದು ನಿಂತು ಓಡಾಡುವವನಿಗೆ ಒಮ್ಮೆಯಾದರೂ ತಾನೇ ಸ್ಟೀರಿಂಗ್ ಹಿಡಿಯಬೇಕು ಅನ್ನಿಸುವುದು ಸಹಜ. ಕಾರು ಓಡಿಸುವ ಆಟಕ್ಕಾಗಿ ಆರು ವರ್ಷಗಳ ಹಿಂದೆ ಟಿ.ವಿ.ಗೆ ಜೋಡಿಸುವ ಒಂದು ಕನ್ಸೋಲ್ ತಂದೆ. ಹೆಂಡತಿಗೆ ಅದು ಹೊಸ ನಮೂನೆಯ ಸ್ಟೆಬಿಲೈಸರ್ ಎಂದು ಹೇಳಿದ್ದೆ. ಎರಡು ದಿನ ನಂಬಿದಳು. ಒಂದೊಂದು ಆಟವನ್ನೂ ಬಿಡಿಯಾಗಿ ಕೊಳ್ಳುವುದು ದುಬಾರಿ ಎಂದು ತಿಂಗಳ ಸಬ್‌ಸ್ಕ್ರಿಪ್ಷನ್ ಹಾಕಿಸಿದೆ. ಅದರಲ್ಲಿ ನೂರಾರು ಆಟಗಳು, ಆ ರಾಶಿಗೆ ಲೈಬ್ರರಿ ಎಂದು ಹೆಸರು. ನಮಗೆ ಗೊತ್ತಿದ್ದ ಲೈಬ್ರರಿಯಲ್ಲಿ ಪುಸ್ತಕವನ್ನು ನಾವು ತಡವಾಗಿ ಕೊಟ್ಟರೆ ಲೈಬ್ರೇರಿಯನ್ ಬಸ್‌ಸ್ಟ್ಯಾಂಡಿನಲ್ಲಿ ಅಡ್ಡಹಾಕಿ ಬೈಯುತ್ತಿದ್ದರು. ಈ ಲೈಬ್ರರಿಯಲ್ಲಿ ಪುಸ್ತಕಗಳೇ ಎದ್ದು ಹೋಗುತ್ತವೆ ಎಂಬುದು ಆಗ ನನಗೆ ತಿಳಿದಿರಲಿಲ್ಲ.

ನಮ್ಮಪ್ಪನಿಗೆ ಎಂಬತ್ತು ದಾಟಿದೆ. ಮಂಡಿ ಕೈಕೊಟ್ಟ ಮೇಲೆ ಗದ್ದೆಗೆ ಇಳಿಯುವುದನ್ನು ಡಾಕ್ಟರು ನಿಲ್ಲಿಸಿದರು, ಬಾಯಿಯನ್ನು ನಿಲ್ಲಿಸಲು ಅವರಿಂದಾಗಲಿಲ್ಲ. ಜಗಲಿಯ ಮೇಲೆ ಕೂತು ದಾರಿಯಲ್ಲಿ ಹೋಗುವವರ ಬೇಸಾಯವನ್ನೆಲ್ಲ ತಿದ್ದುತ್ತಿದ್ದ. ನನ್ನ ಹೆಂಡತಿ ಬಸಳೆ ಚಪ್ಪರಕ್ಕೆ ನೀರು ಹಾಕುವ ಕ್ರಮದಲ್ಲೂ ದಿನಕ್ಕೆರಡು ತಪ್ಪು ಸಿಗುತ್ತಿತ್ತು. ಅಂಥ ಒಂದು ಭಾನುವಾರ ನಾನು ಲೈಬ್ರರಿಯಲ್ಲಿ ಕೆದಕುತ್ತ ಒಂದು ಬೇಸಾಯದ ಆಟ ತೆರೆದು, ಟ್ರಾಕ್ಟರನ್ನು ಹೇಗೋ ತಿರುಗಿಸುತ್ತಿದ್ದೆ. ಹಿಂದಿನಿಂದ ಅಪ್ಪ, "ಯಾರ ಗದ್ದೆ ಅದು? ಹಿಂಗೆ ಉತ್ರೆ ಮೂಲೆಯೆಲ್ಲ ಬೀಳು ಬೀಳ್ತದೆ ಮಾರಾಯ. ಕೊಡು ಇಲ್ಲಿ" ಅಂದ. ಕಂಟ್ರೋಲರ್ ಕೊಟ್ಟೆ. ಆಮೇಲೆ ಕಾರು ಓಡಿಸುವ ಭಾಗ್ಯ ನನಗೆ ಸಿಗಲಿಲ್ಲ.

ಆರು ವರ್ಷದಲ್ಲಿ ಅಪ್ಪ ಯಾವುದೋ ಚಳಿದೇಶದ ಆ ಜಮೀನನ್ನು ನಮ್ಮೂರಿನ ಹದಕ್ಕೆ ತಂದಿದ್ದ. ಗೋಧಿ ಬೆಳೆಯುವ ಹೊಲಗಳಿಗೆ ಮೇಲಿನ ಗದ್ದೆ, ಹೊಳೆಗದ್ದೆ, ಚೌಡಿ ಗದ್ದೆ ಎಂದು ಹೆಸರಿಟ್ಟಿದ್ದ. ಚೌಡಿ ಗದ್ದೆಯಲ್ಲಿ ಒಂದು ಮೂಲೆಯನ್ನು ಉಳುತ್ತಿರಲಿಲ್ಲ, ಅದು ಗದ್ದೆ ಕಾಯುವ ದೇವತೆ ಚೌಡಿಯ ಜಾಗ. ಆಟದಲ್ಲಿ ಅಕ್ಕಪಕ್ಕದ ರೈತರೇ ಇಲ್ಲದಿದ್ದರೂ ಅವರ ದನ ಹೋಗಲು ದಾರಿ ಬಿಟ್ಟಿದ್ದ. ಕೊಟ್ಟಿಗೆಯಲ್ಲಿ ನಲವತ್ತು ಕಪ್ಪುಬಿಳಿ ಹಸುಗಳು, ಹೆಸರಿಲ್ಲದ್ದು ಒಂದೂ ಇರಲಿಲ್ಲ. ಜಗಲಿ ಶಾಂತವಾಗಿತ್ತು, ಬಸಳೆ ತನ್ನ ಪಾಡಿಗೆ ಬೆಳೆಯುತ್ತಿತ್ತು. ನನ್ನ ಹೆಂಡತಿ ಸಬ್‌ಸ್ಕ್ರಿಪ್ಷನ್ ನವೀಕರಣದ ತಾರೀಕನ್ನು ಕ್ಯಾಲೆಂಡರಿನಲ್ಲಿ ಏಕಾದಶಿಯ ಪಕ್ಕ ತಾನೇ ಗುರುತು ಹಾಕತೊಡಗಿದಳು.

ಹೀಗಿರುವಾಗ ಒಂದು ದಿನ ಟಿ.ವಿ.ಯಲ್ಲಿ ಎರಡು ಸುದ್ದಿ ಒಟ್ಟಿಗೆ ಬಂದವು. ಇನ್ನು ಮುಂದೆ ಕನ್ಸೋಲೂ ಕಂಪ್ಯೂಟರೂ ಬೇರೆಬೇರೆಯಲ್ಲ, ಒಂದೇ ಲೈಬ್ರರಿ, ಎಲ್ಲಿ ಬೇಕಾದರೂ ಆಡಿ, ಎಂಬುದು ದೊಡ್ಡ ಅಕ್ಷರದಲ್ಲಿತ್ತು. ಈ ತಿಂಗಳ ಕೊನೆಗೆ ಲೈಬ್ರರಿ ಬಿಟ್ಟು ಹೋಗುವ ಆಟಗಳು ಎಂಬುದು ಅದರ ಕೆಳಗೆ ಸಣ್ಣ ಅಕ್ಷರದಲ್ಲಿ. ಆ ಆಟಗಳ ಪಟ್ಟಿಯಲ್ಲಿ ಮೂರನೆಯದು ಅಪ್ಪನ ಜಮೀನು. ನಾನು ಅಪ್ಪನಿಗೆ ಹೇಳದೆ, ಮರುದಿನ ಕನ್ಸೋಲನ್ನೂ ನನ್ನ ಲ್ಯಾಪ್‌ಟಾಪನ್ನೂ ಚೀಲಕ್ಕೆ ಹಾಕಿಕೊಂಡು ಸಾಗರದಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟಿರುವ ಸುನಂದಾ ಹತ್ತಿರ ಹೋದೆ. ತೀರ್ಥಹಳ್ಳಿಯ ಹೆಣ್ಣುಮಗಳು, ಯಂತ್ರದ ವಿಷಯದಲ್ಲಿ ಮುಲಾಜಿಲ್ಲದೆ ಮಾತಾಡುತ್ತಾಳೆ.

"ಎರಡೂ ಒಂದೇ ಆಗ್ತಿದೆಯಂತಲ್ಲ, ಜಮೀನನ್ನ ಕನ್ಸೋಲಿಂದ ಇದಕ್ಕೆ ಎತ್ತಿ ಹಾಕು" ಎಂದೆ.

"ಅಣ್ಣಾ, ಎರಡು ಮನೆ ನಡುವಿನ ಗೋಡೆ ಒಡೆದು ಒಂದೇ ಮನೆ ಮಾಡ್ತಿದಾರೆ, ಅದು ಹೌದು" ಎಂದಳು ಸುನಂದಾ. "ಹಂಗಂತ ಬಾಡಿಗೆಗೆ ಇದ್ದೋರು ಮಾಲೀಕರಾಗಲ್ಲ. ನೀವು ಈ ಆಟ ಕೊಂಡಿದ್ರಾ? ಡಿಸ್ಕ್ ಇದೆಯಾ?"

"ಸಬ್‌ಸ್ಕ್ರಿಪ್ಷನ್."

"ಈಗ ಕೊಳ್ಳೋಣ ಅಂದ್ರೆ ಇದರ ಮಾರಾಟ ನಿಲ್ಲಿಸಿದಾರೆ. ಹೊಸ ಆವೃತ್ತಿ ಬಂದಿದೆ, ಹಳೇ ಜಮೀನು ಅದಕ್ಕೆ ಹೊಂದಲ್ಲ. ನೀವು ಮಾಡಿದ್ದೆಲ್ಲ ಫೈಲಲ್ಲಿ ಭದ್ರವಾಗಿ ಇರ್ತದೆ. ತೆರೆಯೋಕೆ ಆಟ ಇರಲ್ಲ, ಅಷ್ಟೇ."

ನನ್ನ ಕಸುಬಿನ ಭಾಷೆಯಲ್ಲಿ ಹೇಳುವುದಾದರೆ ಪಹಣಿ ನಮ್ಮ ಕೈಯಲ್ಲಿತ್ತು, ಜಮೀನು ಇರಲಿಲ್ಲ. ಇಂಥ ಸ್ಥಿತಿಯಲ್ಲಿರುವವರಿಗೆ ನಾನು ಸಾಮಾನ್ಯವಾಗಿ ವಕೀಲರ ವಿಳಾಸ ಕೊಡುತ್ತೇನೆ. ಅಂದು ಸಂಜೆ ಅಪ್ಪನಿಗೆ ಹೇಳಲೇಬೇಕಾಯಿತು. ಹಸುಗಳಿಗೆ ಹುಲ್ಲು ಹಾಕುತ್ತಿದ್ದವನು ಕಂಟ್ರೋಲರನ್ನು ತೊಡೆಯ ಮೇಲಿಟ್ಟು, "ಹಂಗಾರೆ ಇದು ಗೇಣಿನಾ?" ಎಂದು ಕೇಳಿದ. ಹೌದೆಂದೆ.

ಇಲ್ಲಿ ನಮ್ಮ ಮನೆಯ ಒಂದು ಹಳೆಯ ಕತೆ ಹೇಳಬೇಕು. ನನ್ನ ಅಜ್ಜ ಒಡೆಯರೊಬ್ಬರ ಗದ್ದೆಯನ್ನು ಗೇಣಿಗೆ ಮಾಡುತ್ತಿದ್ದ. ಏನು ಬರೆದಿದೆಯೆಂದು ಗೊತ್ತಿಲ್ಲದ ಗೇಣಿ ಚೀಟಿಗೆ ವರ್ಷ ವರ್ಷವೂ ಹೆಬ್ಬೆಟ್ಟು ಒತ್ತುತ್ತಿದ್ದ. ಉಳುವವನೇ ಒಡೆಯ ಎಂಬ ಕಾನೂನು ಬಂದಾಗ ಅಪ್ಪ ಅರ್ಜಿ ತುಂಬಿ, ಸಹಿ ಮಾಡಿ, ಭೂನ್ಯಾಯಮಂಡಳಿಯ ಮುಂದೆ ನಿಂತು ಗದ್ದೆಯನ್ನು ನಮ್ಮದು ಮಾಡಿಕೊಂಡ. ಅವನ ಬದುಕಿನಲ್ಲಿ ಅದಕ್ಕಿಂತ ದೊಡ್ಡ ದಿನ ಬಂದಿಲ್ಲ. ನಾನು ಪತ್ರ ಬರಹಗಾರನಾದದ್ದೂ ಅವನ ಹಟದಿಂದಲೇ. ಆದ್ದರಿಂದ ಅಪ್ಪ, "ಆರು ವರ್ಷ ಉತ್ತೋರು ಯಾರು? ನಾವು. ಗೇಣಿ ತಪ್ಪಿಸೀವಾ? ಇಲ್ಲ. ಮತ್ತೆಂತ ನೋಡ್ತಿ ಮಂಜಾ, ಅರ್ಜಿ ಬರಿ" ಎಂದಾಗ ನಗುವುದಕ್ಕೆ ನನಗೆ ಧೈರ್ಯವಾಗಲಿಲ್ಲ.

ಬರೆದೆ. ಬರೆಯುತ್ತ ಹೋದ ಹಾಗೆ ನನಗೂ ನಮ್ಮ ಪಕ್ಷ ಬಲವಾಗಿದೆ ಅನ್ನಿಸತೊಡಗಿತು. ಸ್ವತ್ತಿನ ವಿವರದಲ್ಲಿ ಚಕ್ಕುಬಂದಿಯನ್ನೂ ಬಿಡಲಿಲ್ಲ: ಪೂರ್ವಕ್ಕೆ ರೈಲು ಹಳಿ, ಪಶ್ಚಿಮಕ್ಕೆ ಸಮುದ್ರ, ಉತ್ತರಕ್ಕೆ ಗಾಳಿಯಂತ್ರ, ದಕ್ಷಿಣಕ್ಕೆ ಟ್ರಾಕ್ಟರನ್ನು ಮುಂದೆ ಬಿಡದ, ಕಣ್ಣಿಗೆ ಕಾಣದ ಗೋಡೆ. ಅರ್ಜಿದಾರರು ಸದರಿ ಜಮೀನಿನಲ್ಲಿ ಆರು ವರ್ಷಗಳಿಂದ ಖುದ್ದು ಬೇಸಾಯ ಮಾಡಿಕೊಂಡು ಬಂದಿರುತ್ತಾರೆ ಎಂದು ಬರೆದು, ಎಲ್ಲವನ್ನೂ ಇಂಗ್ಲಿಷಿಗೆ ತಿರುಗಿಸಿ ಕಂಪನಿಗೆ ಕಳಿಸಿದೆ. ಭೂನ್ಯಾಯಮಂಡಳಿಯಲ್ಲಿ ಅಪ್ಪನ ಅರ್ಜಿಗೆ ವರ್ಷಗಟ್ಟಲೆ ಹಿಡಿದಿತ್ತು. ಇದಕ್ಕೆ ಒಂದು ನಿಮಿಷದೊಳಗೆ ಉತ್ತರ ಬಂತು. ನಿಮ್ಮ ಬೇಸರ ನಮಗೆ ಅರ್ಥವಾಗುತ್ತದೆ, ಆದರೆ ನೀವೇ ಒಪ್ಪಿರುವ ಕರಾರಿನ ಪ್ರಕಾರ ಯಾವ ಆಟವನ್ನಾದರೂ ಯಾವಾಗ ಬೇಕಾದರೂ ನಾವು ತೆಗೆಯಬಹುದು, ಎಂದಿತ್ತು. ಜೊತೆಗೆ ಕರಾರಿನ ಪ್ರತಿ.

ಮೂವತ್ತೆಂಟು ಪುಟ. ಮೊದಲ ಬಾರಿ ಓದಿದೆ. ಎಲ್ಲಾದರೂ ತೂತು ಸಿಕ್ಕೀತೆಂದು ಹುಡುಕಿದೆ, ಒಂದೂ ಇರಲಿಲ್ಲ. ಅಷ್ಟು ಭದ್ರವಾದ ಪತ್ರವನ್ನು ನಾನು ಇಪ್ಪತ್ತೆಂಟು ವರ್ಷದಲ್ಲಿ ಬರೆದಿಲ್ಲ. ಅಪ್ಪ, "ಒಪ್ಪೋ ಮುಂಚೆ ಓದಿರ್ಲಿಲ್ವಾ ನೀನು?" ಎಂದು ಕೇಳಿದ. ನಾನು ಫ್ಯಾನಿನ ರೆಗ್ಯುಲೇಟರ್ ಸರಿಯಾಗಿದೆಯೇ ಎಂದು ನೋಡಲು ಎದ್ದೆ.

ತಿಂಗಳ ಕೊನೆಯ ದಿನ ಅಪ್ಪ ಬೆಳಗ್ಗೆಯೇ ಸ್ನಾನ ಮಾಡಿ ಟಿ.ವಿ. ಮುಂದೆ ಕೂತ. ನಿಂತಿದ್ದ ಗೋಧಿಯನ್ನು ಕೊಯ್ದ. ಮೂರೂ ಗದ್ದೆಯನ್ನು ಒಂದು ಸಾಲು ಬಿಡದೆ ಉತ್ತ, ಚೌಡಿಯ ಮೂಲೆಯನ್ನು ಮಾತ್ರ ಬಿಟ್ಟ. "ನಾಳೆ ಹೋಗೋ ಜಮೀನನ್ನ ಯಾಕೆ ಉಳ್ತಿ?" ಎಂದೆ. "ಬಿಟ್ಕೊಡೋ ಗದ್ದೆನ ಬೀಳು ಬಿಟ್ಟು ಹೋಗ್ಬಾರ್ದು" ಅಂದ. ಆಮೇಲೆ ಕೊಟ್ಟಿಗೆಯ ಬಾಗಿಲು ತೆಗೆದ. ಹಸುಗಳು ಹೊರಗೆ ಬರಲಿಲ್ಲ, ಆಟದಲ್ಲಿ ಅದಕ್ಕೆ ಅವಕಾಶವಿಲ್ಲ. ನನಗೆ ದುಃಖವಾಯಿತು. ಅದನ್ನು ಯಾರಿಗೆ ಹೇಳಿದರೂ ನಗುತ್ತಾರೆಂದು ಈವರೆಗೆ ಹೇಳಿರಲಿಲ್ಲ.

ಮರುದಿನ ಜಮೀನಿನ ಚಿತ್ರದ ಮೇಲೆ ಒಂದು ಬೀಗದ ಗುರುತು ಬಂತು. ಅಪ್ಪ ಅದನ್ನು ನೋಡಿ ಜಗಲಿಗೆ ಹೋದ. ಮಧ್ಯಾಹ್ನದ ಹೊತ್ತಿಗೆ ಬಸಳೆ ಚಪ್ಪರದ ವಿಚಾರಣೆ ಮತ್ತೆ ಶುರುವಾಯಿತು. ನಾಲ್ಕನೇ ದಿನ ನನ್ನ ಹೆಂಡತಿ, "ನೀವು ಎಂತಾದ್ರೂ ಮಾಡಿ, ಒಂದು ಟ್ರಾಕ್ಟರ್ ತಂದ್ಕೊಡಿ" ಎಂದಳು. ಆಟದ ಹೊಸ ಆವೃತ್ತಿ ಅದೇ ಸಬ್‌ಸ್ಕ್ರಿಪ್ಷನ್ನಿನಲ್ಲೇ ಸೇರಿಕೊಂಡಿತ್ತು, ಟಿ.ವಿ.ಗೂ ಲ್ಯಾಪ್‌ಟಾಪಿಗೂ ಒಂದೇ. ತೆರೆದೆ. ಹೊಸ ಕರಾರು ಬಂತು, ಕೆಳಗೆ 'ಒಪ್ಪಿದ್ದೇನೆ' ಎಂಬ ಗುಂಡಿ.

"ಓದು ಮಂಜಾ" ಎಂದ ಅಪ್ಪ.

ಒಂದಕ್ಷರ ಬಿಡದೆ, ಕನ್ನಡ ಮಾಡಿ ಮಾಡಿ ಓದಿದೆ. ಅರ್ಧಕ್ಕೆ ಕಾಫಿ ಬಂತು. ಓದು ಮುಗಿದ ಮೇಲೆ ಅಪ್ಪ, "ಯಾವಾಗ ಬೇಕಾರೂ ಬಿಡಿಸ್ಬಹುದು ಅಂತ ಇದಕ್ಕೂ ಇದ್ಯಾ?" ಎಂದ.

"ಇದೆ."

"ನಾವು ಕೇಳಂಗಿಲ್ಲ ಅಂತ?"

"ಅದೂ ಇದೆ."

"ಒಡೇರ ಚೀಟಿಲೂ ಇಷ್ಟೆಲ್ಲ ಇರ್ಲಿಲ್ಲ" ಎಂದು ಕಾಫಿ ಲೋಟ ಕೆಳಗಿಟ್ಟ. "ಆಗ್ಲಿ, ಒತ್ತು. ಉಳೋಕೆ ಹೊತ್ತಾಯ್ತು."

ಒತ್ತಿದೆ. ಅಪ್ಪ ಪರದೆಯನ್ನು ನೋಡುತ್ತಿರಲಿಲ್ಲ, ಕಂಟ್ರೋಲರಿನ ಮೇಲಿದ್ದ ನನ್ನ ಹೆಬ್ಬೆರಳನ್ನು ನೋಡುತ್ತಿದ್ದ. "ನಿನ್ನಜ್ಜನೂ ಹಿಂಗೇ ಒತ್ತಿದ್ದು" ಎಂದ. "ಪಾಪ, ಅವ್ನಿಗೆ ಓದಕ್ಕೆ ಬರ್ತಿರ್ಲಿಲ್ಲ."

ಮರುದಿನ ಬ್ಯಾಕೋಡಿನ ಒಬ್ಬರು ಬಾಡಿಗೆ ಕರಾರು ಬರೆಸಿಕೊಂಡು, ಪೆನ್ನಿನ ಮುಚ್ಚಳ ತೆಗೆದು, "ಎಲ್ಲಿ ಸಹಿ ಹಾಕ್ಬೇಕು?" ಎಂದು ಕೇಳಿದರು. ನಾನು ರೂಢಿಯಂತೆ ಕನ್ನಡಕ ತೆಗೆದು ಮೇಜಿನ ಮೇಲಿಟ್ಟೆ. ಅವರು ಉಪದೇಶಕ್ಕಾಗಿ ಕಾದರು. ಕನ್ನಡಕವನ್ನು ಮತ್ತೆ ಹಾಕಿಕೊಂಡು, ಕೊನೆಯ ಪುಟ ತೆಗೆದು, "ಇಲ್ಲಿ" ಎಂದು ತೋರಿಸಿದೆ.