ಬೆಳದಿಂಗಳಿಗೆ ಎರಡು ಳ

ಮಸಿ ಕುಡಿಕೆ ಇರೋ ಕಡೆ ನಾನು ಹೋಗಿ ಕೂತರೆ ಏನಾದರೂ ಒಂದು ಎಡವಟ್ಟು ಆಗಲೇಬೇಕು. ಕುಡಿಕೆ ತಾನಾಗೇ ಉರುಳುತ್ತೆ ಅಂತ ನಾನು, ಇವಳ ಗ್ಯಾನ ಎಲ್ಲೋ ಇರುತ್ತೆ ಅಂತ ನಮ್ಮತ್ತೆ. ಇಬ್ಬರು ಹೇಳೋದೂ ನಿಜ.

ಅರವತ್ತರ ದಶಕದ ಜಯನಗರ ಅದು. ಸೈಟು ಜಾಸ್ತಿ, ಮನೆ ಕಮ್ಮಿ. ನಾವು ಬಾಡಿಗೆಗಿದ್ದ ಮನೆಯಿಂದ ಎರಡು ರಸ್ತೆ ಆಚೆ ನಮ್ಮದೂ ಒಂದು ಸೈಟು. ಅದು ಕೈಗೆ ಬಂದ ದಿನ ಸಂಜೆ ಅತ್ತೆ, ನಮ್ಮವರು, ನಾನು ಬುತ್ತಿ ಕಟ್ಟಿಕೊಂಡು ಹೋಗಿ ಅಲ್ಲೇ ಕಲ್ಲಿನ ಮೇಲೆ ಕೂತು ತಿಂದೆವು. ಬೀದಿ ದೀಪ ಇನ್ನೂ ಬಂದಿರಲಿಲ್ಲ. ಲಂಟಾನ ಪೊದೆಗಳ ಹಿಂದಿಂದ ಚಂದ್ರ ಎದ್ದ ನೋಡಿ, ಖಾಲಿ ಸೈಟುಗಳೆಲ್ಲ ಹಾಲು ಚೆಲ್ಲಿದ ಹಾಗಾದವು. ಬಾಯಲ್ಲಿದ್ದ ಮೊಸರನ್ನ ನುಂಗೋದೂ ಮರೆತು, "ಮನೆಗೆ ಬೆಳದಿಂಗಳು ಅಂತಲೇ ಹೆಸರಿಡೋಣ" ಅಂದೆ. ಅತ್ತೆ ಒಪ್ಪಿದರು. ಅದೇ ಹುರುಪಿನಲ್ಲಿ, "ಗೇಟಿನ ಕಲ್ಲಿನ ಮೇಲೆ ನಾನೇ ಬರೀತೀನಿ" ಅಂದುಬಿಟ್ಟೆ. ಅದಕ್ಕೆ ಮಾತ್ರ ಒಪ್ಪಲಿಲ್ಲ.

"ನಿನ್ನ ಕೈಬರಹ ನೋಡಿದೀನಿ ಕಣೇ. ಬರೀ ಕಾಗೆ ಕಾಲು. ಕಲ್ಲಲ್ಲಿ ಕೆತ್ತಿಸಿದ್ದು ಮೊಮ್ಮಕ್ಕಳ ಕಾಲಕ್ಕೂ ಇರುತ್ತೆ. ಬೋರ್ಡು ಬರೆಯೋರನ್ನ ಕರೆಸೋಣ."

ನಾನು ಮುಖ ಊದಿಸಿಕೊಂಡೆ. ಕೊನೆಗೆ ನಮ್ಮವರು ನಡುವೆ ಬಂದರು. ಅತ್ತೆ ಒಂದು ಷರತ್ತು ಹಾಕಿದರು: ಗೃಹಪ್ರವೇಶದೊಳಗೆ, ಅವರು ಕನ್ನಡಕ ಇಲ್ಲದೆ ಓದೋ ಹಾಗೆ ಬರೆದು ತೋರಿಸಬೇಕು. ಇಲ್ಲದಿದ್ದರೆ ಬೋರ್ಡಿನವರೇ.

ಹಾಗಾಗಿ ನಾನು ಅಂದದ ಬರವಣಿಗೆ ಕ್ಲಾಸಿಗೆ ಸೇರಿದೆ.

ಎಷ್ಟು ಚುಕ್ಕಿ?

ಕ್ಲಾಸು ಅಂದರೆ, ರಿಟೈರಾದ ಡ್ರಾಯಿಂಗ್ ಮೇಷ್ಟ್ರೊಬ್ಬರ ಮನೆ ವರಾಂಡ. ಮಧ್ಯಾಹ್ನ ಊಟದ ಪಾತ್ರೆ ತೊಳೆದ ಮೇಲೆ ನಮ್ಮ ಬೀದಿ ಹೆಂಗಸರೆಲ್ಲ ಅಲ್ಲಿಗೆ ಹೋಗೋದು. ಬಿದಿರು ಕಡ್ಡಿಯನ್ನ ಓರೆಯಾಗಿ ಕೆತ್ತಿ ಮೇಷ್ಟ್ರೇ ಲೇಖನಿ ಮಾಡಿಕೊಡೋರು.

ಮೊದಲ ದಿನ ಅವರು ದೊಡ್ಡದಾಗಿ ಒಂದು 'ಳ' ಬರೆದರು. ಲೇಖನಿ ಅಕ್ಷರದ ತಲೆಯಿಂದ ಹೊರಟು, ಸುತ್ತಿ, ಒಳಗೆ ಹೋಗಿ, ಮೆಲ್ಲಗೆ ಹೊರಗೆ ಬಂತು. ನಿದ್ದೆ ಬಂದ ಬೆಕ್ಕು ಸುತ್ತಿಕೊಂಡು ಮಲಗಿದ ಹಾಗೆ. ನನಗೆ ಅಲ್ಲೇ ಮೈ ಜುಮ್ಮಂತು. "ನಡುವೆ ಕೈ ಎತ್ತಬಾರದು. ಒಂದೇ ಉಸಿರಲ್ಲಿ ಬರಬೇಕು. ಈಗ ನೀವು ಬರೀರಮ್ಮ" ಅಂತ ಹೇಳಿ ಮೇಷ್ಟ್ರು ಒಳಗೆ ನೀರು ಕುಡಿಯೋಕೆ ಹೋದರು.

ಬಂದು ನೋಡಿದರೆ ಎಲ್ಲರ ಕಾಗದದ ಮೇಲೂ ಸಾಲಾಗಿ ಚುಕ್ಕಿ. ಅಕ್ಷರ ಒಂದೂ ಇಲ್ಲ.

"ಇದೇನಮ್ಮಾ ಇದು?"

ಎದುರು ಮನೆಯಾಕೆ ನಮ್ಮ ಬೀದಿ ರಂಗೋಲಿಗೆಲ್ಲ ಯಜಮಾನಿ. ಆಕೆ ಸ್ವಲ್ಪ ಕೋಪದಲ್ಲೇ ಹೇಳಿದರು: "ಚುಕ್ಕಿ ಇಡದೆ ಹೆಂಗೆ ಎಳೆಯೋದು ಮೇಷ್ಟ್ರೇ? ನೀವು ಇದು ಎಷ್ಟು ಚುಕ್ಕಿದು ಅಂತಲೇ ಹೇಳದೆ ಎದ್ದು ಹೋದ್ರಿ."

ಮೇಷ್ಟ್ರು ನಮ್ಮನ್ನೆಲ್ಲ ಒಂದು ಸುತ್ತು ನೋಡಿದರು. ಆಮೇಲೆ ಸೋತ ದನಿಯಲ್ಲಿ, "ಏಳು" ಅಂದರು.

ಗಾಳಿಯಲ್ಲಿ

"ಅಕ್ಷರ ಬೆರಳಿಂದ ಬರಲ್ಲ, ತೋಳಿಂದ ಬರುತ್ತೆ. ದಿನಾ ಗಾಳಿಯಲ್ಲಿ ಬರೀರಿ" ಅಂದಿದ್ದರು ಮೇಷ್ಟ್ರು. ಮನೆಯೊಳಗೆ ಬರೆದರೆ ಅತ್ತೆ, "ಸೊಳ್ಳೇನಾ?" ಅಂತ ಕೇಳೋರು. ಹಾಗಾಗಿ ಸಂಜೆ ಹೊತ್ತು ನಮ್ಮ ಸೈಟಿನ ಮುಂದಿನ ರಸ್ತೆಗೆ ಹೋಗಿ ನಿಲ್ಲುತ್ತಿದ್ದೆ.

ಗೋಡೆ ಎದೆಮಟ್ಟ ಎದ್ದಿತ್ತು. ಹಸಿ ಗಾರೆ ವಾಸನೆ, ತಣ್ಣನೆ ಗಾಳಿ, ಮೇಲೆ ನಸುಗೆಂಪು ಆಕಾಶ. ಕಣ್ಣು ಮುಚ್ಚಿ, ತೋಳು ಪೂರ್ತಿ ಎತ್ತಿ, ಆಕಾಶದಷ್ಟು ಅಗಲಕ್ಕೆ ಒಂದು 'ಳ' ಬರೆದೆ. ಎಂಥ ಸುಖ ಅಂತೀರಿ! ಬರೆದು ಮುಗಿಸಿ ಕಣ್ಣು ಬಿಟ್ಟರೆ ಎದುರಿಗೆ ಸಿಟಿ ಬಸ್ಸು ನಿಂತಿದೆ.

"ಹತ್ತೀರೇನಮ್ಮ?" ಅಂದ ಕಂಡಕ್ಟರು.

"ಇಲ್ಲಪ್ಪ."

"ಮತ್ತೆ ಅಷ್ಟು ದೂರದಿಂದ ಕೈ ಬೀಸ್ತಾ ಇದೀರಿ?"

"ಬರೀತಾ ಇದ್ದೆ."

ಕಂಡಕ್ಟರು ಡ್ರೈವರನ್ನ ನೋಡಿದ, ಡ್ರೈವರು ನನ್ನನ್ನ ನೋಡಿದ, ಬಸ್ಸು ಹೋಯ್ತು. ಮಾರನೇ ದಿನವೂ ಇದೇ ಕಥೆ. ಕಣ್ಣು ಮುಚ್ಚಿದ ಮೇಲೆ ನನಗೆ ಬಸ್ಸೇನು, ಭೂಮಿಯೇ ನೆನಪಿರುತ್ತಿರಲಿಲ್ಲ. ಬಸ್ಸು ಅಲ್ಲಿ ದಿನಾ ನಿಲ್ಲೋದನ್ನ ನೋಡಿದ ಸುತ್ತಮುತ್ತಲ ಜನ ಚೀಲ ಹಿಡಿದು ಅಲ್ಲೇ ಬಂದು ಕಾಯೋಕೆ ಶುರು ಮಾಡಿದರು. ಒಂದು ಸಂಜೆ ಹೋದರೆ ತೋಳು ಚಾಚೋಕೆ ನನಗೇ ಜಾಗ ಇಲ್ಲ. ಯಾರೋ ಒಬ್ಬಾಕೆ, "ಸಾಲಲ್ಲಿ ನಿಲ್ಲಮ್ಮಾ" ಅಂತ ಬೇರೆ ಗದರಿದಳು.

ಕೋಡುಬಳೆ

ಒಂದು ಭಾನುವಾರ ನಮ್ಮವರ ಆಫೀಸಿನ ಸಾಹೇಬರು ಮನೆಗೆ ಬರ್ತೀನಿ ಅಂದಿದ್ದರು. ಅತ್ತೆ, ನಾನು ಕೋಡುಬಳೆ ಮಾಡೋಕೆ ಕೂತೆವು. ಹಿಟ್ಟು ಹೊಸೆಯೋದು ಕೈ, ಗ್ಯಾನ ಎಲ್ಲಿತ್ತು ಅಂತ ನಿಮಗೆ ಗೊತ್ತು. ಬಾಣಲೆಯಿಂದ ತೆಗೆದ ಮೇಲೇ ನನಗೂ ಗೊತ್ತಾಗಿದ್ದು. ನಾನು ಬಿಟ್ಟದ್ದೆಲ್ಲ 'ಳ'. ಗರಿಗರಿಯಾಗಿ, ಕೆಂಪಗೆ, ಒಂದಕ್ಕಿಂತ ಒಂದು ಚೆಂದ.

ಅತ್ತೆ ಹಣೆ ಚಚ್ಚಿಕೊಂಡರು. ಅಷ್ಟರಲ್ಲಿ ಸಾಹೇಬರು ಬಂದೇಬಿಟ್ಟರು. ತಟ್ಟೆ ಹೋಯ್ತು. ಅವರು ಒಂದನ್ನ ತೆಗೆದು ಬಾಯಿಗಿಡೋಕೆ ಹೋದವರು, ನಿಲ್ಲಿಸಿ, ಬೆಳಕಿಗೆ ಹಿಡಿದರು.

"ಏನಮ್ಮ ಇದು, 'ಳ' ಅಲ್ವಾ?"

ನನ್ನ ಅಕ್ಷರವನ್ನ ಓದಿದ ಮೊದಲ ಮನುಷ್ಯ! ಅವರ ಕಾಲಿಗೆ ಬೀಳಬೇಕು ಅನ್ನಿಸಿತು.

"ಅಲ್ಲ, ಕೋಡುಬಳೆ ಕೆಟ್ಟಿದೆ ಅಷ್ಟೇ" ಅಂದರು ಅತ್ತೆ. ಅಂದವರೇ, ತಾವು ಮಾಡಿದ ಗುಂಡನೆಯವನ್ನ ತಂದು ತಟ್ಟೆ ತುಂಬ ಹಾಕಿದರು.

ಸಾಹೇಬರು ಅದನ್ನೂ ಬೆಳಕಿಗೆ ಹಿಡಿದು ನೋಡಿ, "ಇದು ಸೊನ್ನೆ" ಅಂದರು. ಎರಡು ದಿನ ಅತ್ತೆ ನನ್ನ ಹತ್ತಿರ ಮಾತಾಡಲಿಲ್ಲ.

ಕಾಡಿಗೆ

ನಮ್ಮಲ್ಲಿ ಅಕ್ಷರಕ್ಕೆ ಕಾಲು ತಾಗಿದರೆ ಬಗ್ಗಿ ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳಬೇಕು. ಯೋಚನೆ ಮಾಡಿ ಮಾಡೋದಲ್ಲ ಅದು, ಕೈ ತಾನಾಗೇ ಹೋಗುತ್ತೆ.

ಆ ದಿನ ವರಾಂಡದ ತುಂಬ ಕಾಗದ ಹರಡಿತ್ತು. ಮಸಿ ಇನ್ನೂ ಹಸಿ. ಎದುರು ಮನೆಯಾಕೆ ಮಗು ಎದ್ದಿರುತ್ತೆ ಅಂತ ಎದ್ದರು, ಪಕ್ಕದವರ ಕಾಗದಕ್ಕೆ ಕಾಲು ತಾಗಿತು. ತಕ್ಷಣ ಬಗ್ಗಿ, ಮುಟ್ಟಿ, ಎರಡೂ ಕಣ್ಣಿಗೆ ಒತ್ತಿಕೊಂಡರು. ಅವರ ಮುಖ ನೋಡಿ ನಗು ತಡೆಯದೆ ಇನ್ನೊಬ್ಬಾಕೆ ಹಿಂದಕ್ಕೆ ಸರಿದರು, ಅವರ ಕಾಲು ಇನ್ನೊಂದು ಕಾಗದಕ್ಕೆ. ಅವರೂ ಒತ್ತಿಕೊಂಡರು. ಹೀಗೇ ವರಾಂಡದ ಉದ್ದಕ್ಕೂ, ನಾನೂ ಸೇರಿ. "ಅಲ್ಲಾಡಬೇಡಿ, ಎಲ್ಲಾ ಹಾಗೇ ನಿಂತ್ಕೊಳ್ಳಿ!" ಅಂತ ಓಡಿ ಬಂದ ಮೇಷ್ಟ್ರು ನೇರ ನನ್ನ 'ಳ' ಮೇಲೆ ಕಾಲಿಟ್ಟರು. ಅವರೂ ಬಿಡಲಿಲ್ಲ, ಒತ್ತಿಕೊಂಡರು.

ನಾವೆಲ್ಲ ಸಾಲಾಗಿ ಮನೆಗೆ ಹೊರಟಾಗ ಸೈಕಲ್ಲಿನಲ್ಲಿ ಬಂದ ತರಕಾರಿಯವನು ಇಳಿದು, "ಬಯಲಾಟ ಯಾವೂರಲ್ಲಿ ತಾಯಿ?" ಅಂತ ಕೇಳಿದ.

ಮನೆಗೆ ಬಂದರೆ ಅತ್ತೆಯೂ ಹೊಟ್ಟೆ ಹಿಡಿದುಕೊಂಡು ನಕ್ಕರು. ನಕ್ಕು ಸಾಕಾದ ಮೇಲೆ ದೀಪ ಹಚ್ಚೋಕೆ ಹೊರಟವರು, ನಾನು ನೆಲದ ಮೇಲೆ ಹರಡಿದ್ದ ಕಾಗದದ ಮೇಲೆ ನಡೆದೇ ಹೋದರು. ಬಗ್ಗುತ್ತಾರೆ ಅಂತ ಕಾದೆ. ಬಗ್ಗಲಿಲ್ಲ.

"ಅತ್ತೆ, ಕಾಲು ತಾಗ್ತು."

"ತಾಗಿದ್ರೆ ತಾಗ್ಲಿ ಬಿಡು. ಅಕ್ಷರ ಆಗಿದ್ದಿದ್ರೆ ಕಣ್ಣಿಗೆ ಒತ್ಕೊಳ್ತಿದ್ದೆ."

ತಮಾಷೆಗೇ ಅಂದದ್ದು, ಗೊತ್ತು. ಆದರೂ ಕಾಗದ ಎತ್ತಿ ಮಡಚಿಟ್ಟೆ. ಕಲ್ಲು ಬೋರ್ಡಿನವರ ಪಾಲಾದರೂ ಚಿಂತೆಯಿಲ್ಲ, ಈ ಹೆಂಗಸು ಒಂದೇ ಒಂದು ಸಲ ನನ್ನ ಅಕ್ಷರವನ್ನ ಅಕ್ಷರ ಅಂದರೆ ಸಾಕು ಅನ್ನಿಸಿತು. ಜೋರಾಗಿ ಅತ್ತುಬಿಡೋಣ ಅಂದುಕೊಂಡೆ. ಆದರೆ ಕಣ್ಣಲ್ಲಿದ್ದ ಮಸಿ ಇಳಿದು ಹೊಸ ಸೀರೆ ಹಾಳಾಗುತ್ತಲ್ಲ ಅಂತ ತಡೆದುಕೊಂಡೆ.

ಕಲ್ಲು

ಗೃಹಪ್ರವೇಶಕ್ಕೆ ಎರಡು ದಿನ ಇರುವಾಗ ಕಲ್ಲು ಬಂತು. ಹೊಸ ಮನೆ ಅಂಗಳದಲ್ಲಿ, ಬಾಗಿಲ ಮುಂದೇ ಅದನ್ನ ಮಲಗಿಸಿದರು. ಅತ್ತೆ ಬೋರ್ಡಿನವರಿಗೂ ಹೇಳಿ ಕಳಿಸಿ ಆಗಿತ್ತು. ಅವರು ಬಂದು ಬರೆಯೋದು, ಮಧ್ಯಾಹ್ನ ಕಲ್ಲು ಕೆಲಸದವರು ಬಂದು ಬರೆದ ಗೆರೆ ಮೇಲೇ ಕೆತ್ತೋದು ಅಂತ ಏರ್ಪಾಟು.

ನಾನು ಬೆಳಿಗ್ಗೆಯೇ ಹೋದೆ. ಕೆಮ್ಮಣ್ಣನ್ನ ಗೋಂದಿನಲ್ಲಿ ಕಲಸಿ, ಕುಂಚ ಹಿಡಿದು ಕೂತೆ. ಎಳೆ ಬಿಸಿಲು ಕಲ್ಲಿನ ಮೇಲೆ ಬಿದ್ದಿತ್ತು. ಆಮೇಲೆ ಏನಾಯ್ತೋ ನನಗೆ ಸರಿಯಾಗಿ ನೆನಪಿಲ್ಲ. ತೋಳು ತಾನಾಗೇ ಹೋಯ್ತು. ಆ ಸೈಟು, ಆ ಚಂದ್ರ, ಬಾಯಲ್ಲಿದ್ದ ಮೊಸರನ್ನ ಎಲ್ಲಾ ಕಣ್ಣ ಮುಂದೆ ಬಂತು. ಎರಡು 'ಳ'ನೂ ಒಂದೇ ಉಸಿರಲ್ಲಿ ಬಂದು ಮಲಗಿದವು. ಚುಕ್ಕಿ ಇಡಲಿಲ್ಲ.

ಕುಂಚ ತೊಳೆಯೋಕೆ ತೊಟ್ಟಿ ಹತ್ತಿರ ಹೋಗಿದ್ದೆ. ಅತ್ತೆ ಮಾವಿನ ಸೊಪ್ಪಿನ ದೊಡ್ಡ ಹೊರೆ ತಬ್ಬಿಕೊಂಡು ಗೇಟಿನೊಳಗೆ ಬಂದರು. ಮುಂದಿರೋದು ಕಾಣದೆ ಬರಿಗಾಲನ್ನ ಸೀದಾ ಕಲ್ಲಿನ ಮೇಲಿಟ್ಟರು. ಕಾಲಿಗೆ ತಣ್ಣಗಾಯ್ತು, ಬಗ್ಗಿ ನೋಡಿದರು.

"ಅಯ್ಯೋ ಶಿವನೇ! ಅಕ್ಷರ ತುಳಿದ್ಬಿಟ್ಟೆ!"

ಸೊಪ್ಪು ನೆಲಕ್ಕೆ ಬಿತ್ತು. ಎರಡೂ ಕೈಯಲ್ಲಿ ಮುಟ್ಟಿ ಕಣ್ಣಿಗೆ ಒತ್ತಿಕೊಂಡರು, ಇನ್ನೊಂದು ಸಲ ಒತ್ತಿಕೊಂಡರು. ಆಮೇಲೆ ಹಿಂದಕ್ಕೆ ಸರಿದು, ಒಂದೊಂದಾಗಿ ಓದಿದರು. "ಬೆ... ಳ... ದಿಂ... ಗ... ಳು." ಓದಿ ಮುಗಿಸಿ, ಅನುಮಾನದಿಂದ ಮೂಗು ತಡವಿಕೊಂಡರು. ಕನ್ನಡಕ ಇರಲಿಲ್ಲ. ಅದು ಬಾಡಿಗೆ ಮನೆಯಲ್ಲೇ ಉಳಿದಿತ್ತು.

ನಾನು ತೊಟ್ಟಿ ಹತ್ತಿರ ಕುಂಚ ಹಿಡಿದು ನಿಂತೇ ಇದ್ದೆ. ಅತ್ತೆ ಕಣ್ಣಿನ ಸುತ್ತ ಕೆಮ್ಮಣ್ಣು ಮೆತ್ತಿಕೊಂಡು ನನ್ನ ಕಡೆ ನೋಡಿದರು. ಈ ಸಲ ಅಳೋಕೆ ನನಗೆ ಯಾವ ಅಡ್ಡಿಯೂ ಇರಲಿಲ್ಲ, ಚೆನ್ನಾಗಿ ಅತ್ತುಬಿಟ್ಟೆ.

ನಮ್ಮವರು ಬಂದು ನೋಡಿದರೆ ಕೊನೆಯ 'ಳು' ಕೆಳಗೆ ಅತ್ತೆ ಕಾಲಿನ ಹೆಬ್ಬೆರಳಿನ ಗುರುತು. "ಅಯ್ಯಯ್ಯೋ, ಒರೆಸಿ ಇನ್ನೊಂದು ಸಲ ಬರಿ" ಅಂತ ಬಕೆಟ್ಟಿಗೆ ಕೈ ಹಾಕಿದರು.

"ಮುಟ್ಟಬೇಡ! ಅಕ್ಷರ ಕಣೋ ಅದು, ಒರೆಸ್ತಾರೇನೋ?" ಅಂತ ಅತ್ತೆ ಗುಡುಗಿದರು. ಬೋರ್ಡಿನವರು ಬಂದಾಗ ಕಾಫಿ ಕೊಟ್ಟು ವಾಪಸ್ ಕಳಿಸಿದರು. ತಾಂಬೂಲದ ಲೆಕ್ಕ ಕೇಳೋಕೆ ಬಂದ ಎದುರು ಮನೆಯಾಕೆ, "ಇದೇನಮ್ಮ ಕಣ್ಣು ಇಷ್ಟು ಕೆಂಪಗಿದೆ, ಅತ್ರಾ?" ಅಂತ ಕೇಳಿದರೆ, "ಇಲ್ಲ ಕಣಮ್ಮ, ಓದಿದೆ" ಅಂದರು.

ಮಧ್ಯಾಹ್ನ ನಾವು ಸಾಮಾನು ಸಾಗಿಸೋ ಗಡಿಬಿಡಿಯಲ್ಲಿದ್ದೆವು. ಸಂಜೆ ಬಂದು ನೋಡುವಷ್ಟರಲ್ಲಿ ಕೆತ್ತನೆ ಮುಗಿದಿತ್ತು. "ಎಲ್ಲೆಲ್ಲಿ ಕೆಮ್ಮಣ್ಣಿತ್ತೋ ಎಲ್ಲಾ ಕೆತ್ತಿದೀನಿ ತಾಯಿ, ಒಂದೂ ಬಿಟ್ಟಿಲ್ಲ" ಅಂದರು ಕಲ್ಲು ಕೆಲಸದವರು. ನಿಜಕ್ಕೂ ಬಿಟ್ಟಿರಲಿಲ್ಲ. 'ಳು' ಕೆಳಗಿನ ಹೆಬ್ಬೆರಳು ಬಲು ನುಣುಪಾಗಿ ಬಂದಿತ್ತು.

ಗೃಹಪ್ರವೇಶಕ್ಕೆ ಮೇಷ್ಟ್ರು ಬಂದರು. ಗೇಟಿನ ಹತ್ತಿರವೇ ನಿಂತು ತುಂಬ ಹೊತ್ತು ನೋಡಿದರು.

"ಅಕ್ಷರ ಸೊಗಸಾಗಿದೆ. ಆದರೆ ಕೊನೇಲಿ ಇದೇನಮ್ಮ, ಇದನ್ನ ನಾನು ಹೇಳಿಕೊಟ್ಟಿರಲಿಲ್ಲವಲ್ಲ?"

ನಾನು ಬಾಯಿ ಬಿಡೋದರೊಳಗೆ ಅತ್ತೆ ಸೆರಗು ಸರಿಮಾಡಿಕೊಂಡು ಮುಂದೆ ಬಂದರು.

"ಬರೆದೋಳು ನಮ್ಮ ಸೊಸೆ ಮೇಷ್ಟ್ರೇ. ಅದು ನನ್ನ ರುಜು."